ಕಪಾಟಿನಲ್ಲಿರುವ ಟೇಪಿಗೆ ಯಾವ ಡೆಕ್? ವಿವರಪಟ್ಟಿ ಓದಿ ಕೊಳ್ಳುವ ಬಗೆ

ಬಾಗಲಕೋಟೆ, ಬೆಳಗಾವಿ, ವಿಜಯಪುರದ ಕಡೆಯಿಂದ ನನಗೆ ಬರುವ ಫೋನುಗಳಲ್ಲಿ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ನಮ್ಮಲ್ಲಿ ಹಳೆಯ ಬೀಟಾ ಟೇಪುಗಳು ಅರವತ್ತೋ ಎಪ್ಪತ್ತೋ ಇವೆ. ಮುಂಬೈಯಲ್ಲಿ ಒಂದು ಡೆಕ್ ಅಗ್ಗಕ್ಕೆ ಸಿಗುತ್ತಿದೆ. ಕೊಳ್ಳಬಹುದೇ?" (ಬೀಟಾ ಎಂದರೆ ಸೋನಿಯ ಬೀಟಾಕ್ಯಾಮ್ ವಿಡಿಯೊ ಟೇಪು, ಡೆಕ್ ಎಂದರೆ ಅಂಥ ಟೇಪು ಓಡಿಸುವ ಯಂತ್ರ.) ಅದರ ಬೆನ್ನಿಗೇ ಮೊಬೈಲಿಗೆ ಒಂದು ಚಿತ್ರ ಬಂದು ಬೀಳುತ್ತದೆ: ಡೆಸಿಬೆಲ್, ಮೆಗಾಹರ್ಟ್ಸ್, ನ್ಯಾನೊಸೆಕೆಂಡ್, ಕೆ-ಫ್ಯಾಕ್ಟರ್ ಎಂದು ಇರುವೆ ಸಾಲಿನಂತೆ ಅಕ್ಷರಗಳಿರುವ ವಿವರಪಟ್ಟಿ.

ಕೇಳುವವರು ಮದುವೆ ಸ್ಟುಡಿಯೊಗಳ ಮಾಲೀಕರು, ಒಂದು ಕಾಲದಲ್ಲಿ ಸ್ಥಳೀಯ ಸುದ್ದಿ ಓಡಿಸುತ್ತಿದ್ದ ಕೇಬಲ್‌ನವರು, ಮಠಗಳ ಟ್ರಸ್ಟಿನವರು, ಪಾರಿಜಾತ ಮೇಳದವರು. ಅವರ ಟೇಪುಗಳಲ್ಲಿ ಇರುವುದೇನು? ಆಲಮಟ್ಟಿಯ ಹಿನ್ನೀರಿಗೆ ಹೋದ ಹಳೆ ಬಾಗಲಕೋಟೆಯ ಓಣಿಗಳು, ಈಗ ಇಲ್ಲದ ಕಲಾವಿದರ ಇಡೀ ರಾತ್ರಿಯ ಆಟ, ಬೆಳಗಾವಿಯಲ್ಲಿ 2011ರ ಮಾರ್ಚ್‌ನಲ್ಲಿ ನಡೆದ ವಿಶ್ವ ಕನ್ನಡ ಸಮ್ಮೇಳನದ ಮೆರವಣಿಗೆ. ಮತ್ತೊಮ್ಮೆ ಚಿತ್ರೀಕರಿಸುವ ಮಾತೇ ಇಲ್ಲ.

ಯಂತ್ರಗಳೂ ಮುಗಿಯುತ್ತಿವೆ. ಸೋನಿ ಕಂಪನಿ ಅರ್ಧ ಇಂಚಿನ ವೃತ್ತಿಪರ ಟೇಪ್ ಡೆಕ್‌ಗಳ ಮಾರಾಟವನ್ನು 2016ರಲ್ಲಿ ಕೈಬಿಟ್ಟಿತು. ವಿಎಚ್‌ಎಸ್ ಯಂತ್ರ ಮಾಡುತ್ತಿದ್ದ ಕಡೆಯ ಕಂಪನಿ ಜಪಾನಿನ ಫುನಾಯ್ ಕೂಡ ಅದೇ ವರ್ಷ ಜುಲೈನಲ್ಲಿ ನಿಲ್ಲಿಸಿತು. ಟೇಪುಗಳನ್ನು ಸಲೀಸಾಗಿ ವರ್ಗಾಯಿಸುವ ಕಾಲ 2025ರ ಆಸುಪಾಸಿಗೆ ಮುಗಿಯಲಿದೆ ಎಂದು ಯುನೆಸ್ಕೊ ಮೊದಲೇ ಎಚ್ಚರಿಸಿತ್ತು. ಆದ್ದರಿಂದ ಈಗ ಕೊಳ್ಳುವುದೆಲ್ಲ ಹಳೆಯ ಮಾಲು, ಮಾರುವವನ ಮಾತೇ ಗ್ಯಾರಂಟಿ. ಅವನ ಮಾತನ್ನು ಅಳೆಯಲು ನಿಮ್ಮ ಕೈಯಲ್ಲಿರುವ ಕೋಲೆಂದರೆ ಆ ವಿವರಪಟ್ಟಿ. ಅದರಲ್ಲಿ ಐದು ಸಾಲು ಮುಖ್ಯ, ಉಳಿದದ್ದು ಬಹುಪಾಲು ಅಲಂಕಾರ.

1. ಮೊದಲು ಟೇಪುಗಳನ್ನು ಗುರುತಿಸಿ

ಎತ್ತು ನೋಡದೆ ನೊಗ ಕೊಂಡವರು ನನಗೆ ಬಹಳ ಮಂದಿ ಸಿಕ್ಕಿದ್ದಾರೆ. ಒಂದು ನೋಟ್‌ಬುಕ್ ತೆಗೆದುಕೊಂಡು ಪ್ರತಿ ಕ್ಯಾಸೆಟ್ಟಿಗೂ ಒಂದು ಸಂಖ್ಯೆ ಕೊಡಿ. ಲೇಬಲ್ಲಿನ ಎರಡೂ ಬದಿಯ ಫೋಟೊ ತೆಗೆಯಿರಿ. ಆಮೇಲೆ ಜಾತಿ ವಿಂಗಡಿಸಿ.

ದಪ್ಪ ಪುಸ್ತಕದಂಥ ಕ್ಯಾಸೆಟ್, ಮುಕ್ಕಾಲು ಇಂಚಿನ ಟೇಪು: ಯು-ಮ್ಯಾಟಿಕ್. ಇದು 1971ರ ಪದ್ಧತಿ. ಇದಕ್ಕೆ ಸ್ವಂತ ಡೆಕ್ ಕೊಳ್ಳುವ ಆಸೆಯನ್ನು ಬಿಟ್ಟುಬಿಡಿ, ಅನುಭವಿ ಪ್ರಯೋಗಾಲಯಕ್ಕೆ ಕೊಡಿ.

ಅರ್ಧ ಇಂಚಿನ ಟೇಪು: ಬೀಟಾಕ್ಯಾಮ್ ಕುಟುಂಬ ಅಥವಾ ವಿಎಚ್‌ಎಸ್. ಬೀಟಾಕ್ಯಾಮ್‌ನಲ್ಲಿ ಎರಡು ಅಳತೆ. ನಮ್ಮ ದೇಶದ ಟಿವಿ ಪದ್ಧತಿಯಾದ ಪಾಲ್‌ನಲ್ಲಿ ಚಿಕ್ಕದು ಅರ್ಧ ಗಂಟೆಯ ಆಸುಪಾಸು, ದೊಡ್ಡದು ಒಂದೂಮುಕ್ಕಾಲು ಗಂಟೆಯ ಆಸುಪಾಸು. ಸೋನಿಯ ಕ್ಯಾಸೆಟ್‌ಗಳಲ್ಲಿ ಬಣ್ಣವೇ ಜಾತಿ ಹೇಳುತ್ತದೆ. ಬೂದು ಬಣ್ಣದ್ದು ಬೀಟಾಕ್ಯಾಮ್ ಎಸ್‌ಪಿ (1986), ನೀಲಿ ಡಿಜಿಟಲ್ ಬೀಟಾಕ್ಯಾಮ್ (1993), ಹಳದಿ ಬೀಟಾಕ್ಯಾಮ್ ಎಸ್‌ಎಕ್ಸ್ (1996), ಹಸಿರು ಐಎಂಎಕ್ಸ್. ನಮ್ಮ ಕಡೆ ಸಿಗುವುದು ಹೆಚ್ಚಾಗಿ ಬೂದು. ಒಂದು ಎಚ್ಚರಿಕೆ: ಚಿಕ್ಕ ಬೀಟಾಕ್ಯಾಮ್ ಕ್ಯಾಸೆಟ್ಟೂ ಮನೆಬಳಕೆಯ ಹಳೆಯ ಬೀಟಾಮ್ಯಾಕ್ಸ್ ಕ್ಯಾಸೆಟ್ಟೂ ಹೊರ ಅಳತೆಯಲ್ಲಿ ಒಂದೇ, ಒಳಗಿನ ಧ್ವನಿಮುದ್ರಣ ಮತ್ತು ಚಿತ್ರಮುದ್ರಣದ ಕ್ರಮ ಬೇರೆಯೇ. ಒಂದರ ಡೆಕ್ಕಿನಲ್ಲಿ ಇನ್ನೊಂದು ಓಡುವುದಿಲ್ಲ.

ಕಾಲು ಇಂಚಿನ ಟೇಪು: ಡಿವಿ ಕುಟುಂಬ. ಎಲ್ಲರೂ ಎಡವುವುದು ಇಲ್ಲಿಯೇ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಒಂದೇ ಮಿನಿ ಕ್ಯಾಸೆಟ್ಟಿನಲ್ಲಿ ಮೂರು ಬಗೆಯ ಮುದ್ರಣ ಇರಬಹುದು: ಡಿವಿ, ಡಿವಿಕ್ಯಾಮ್, ಎಚ್‌ಡಿವಿ. ಲೇಬಲ್ಲಿನ ಮೇಲೆ ಅಚ್ಚಾಗಿರುವುದು ಟೇಪಿನ ಹೆಸರೇ ಹೊರತು ಅದರೊಳಗೆ ಏನು ಮುದ್ರಿಸಿದ್ದಾರೆ ಎಂಬುದಲ್ಲ. 2003ರಲ್ಲಿ ಬಂದ ಎಚ್‌ಡಿವಿ ಮುದ್ರಣವನ್ನು ಬರೀ ಡಿವಿ ಬಲ್ಲ ಡೆಕ್ಕಿಗೆ ಹಾಕಿದರೆ ಚಿತ್ರವೇ ಕಾಣಿಸುವುದಿಲ್ಲ. "ಅಳಿಸಿಹೋಗಿದೆ" ಎಂದು ಎಷ್ಟೋ ಮಂದಿ ಅಂಥ ಟೇಪನ್ನು ತಿಪ್ಪೆಗೆ ಎಸೆದಿದ್ದಾರೆ. ಖಾಲಿ ಎಂದು ತೀರ್ಮಾನಿಸುವ ಮೊದಲು ಎಚ್‌ಡಿವಿ ಬಲ್ಲ ಯಂತ್ರದಲ್ಲಿ ಒಮ್ಮೆ ನೋಡಿ.

2. ಟೇಪಿನ ಆರೋಗ್ಯ

ಕ್ಯಾಸೆಟ್ಟಿನ ಕಿಟಕಿಯಿಂದ ಟಾರ್ಚ್ ಹಾಕಿ ನೋಡಿ. ಸುತ್ತಿದ ಟೇಪಿನ ಅಂಚು ಕನ್ನಡಿಯಂತೆ ನುಣುಪಾಗಿ ಹೊಳೆಯಬೇಕು. ಅದರ ಮೇಲೆ ರೊಟ್ಟಿ ಹಿಟ್ಟು ಉದುರಿಸಿದಂತೆ ಬಿಳಿ ಪುಡಿ ಕಂಡರೆ ಅದು ಬೂಷ್ಟು. ಅಂಥ ಕ್ಯಾಸೆಟ್ಟನ್ನು ಡೆಕ್ಕಿಗೆ ಹಾಕಲೇಬೇಡಿ. ಟೇಪನ್ನು ಓದುವ ಹೆಡ್ಡಿಗೆ ಹತ್ತಿದ ಬೂಷ್ಟು ಮುಂದಿನ ಒಳ್ಳೆಯ ಟೇಪುಗಳಿಗೂ ದಾಟುತ್ತದೆ. ಬೇರೆ ಚೀಲದಲ್ಲಿ ಕಟ್ಟಿಡಿ.

2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಊರೊಳಗೆ ನುಗ್ಗಿದಾಗ ನೀರುಂಡ ಟೇಪುಗಳು ಇನ್ನೂ ಕೆಲವರ ಬಳಿ ಇವೆ. ಕೆಸರು ಒಳಗೆ ಒಣಗಿದ್ದರೆ ಅದನ್ನು ತಿರುಗಿಸುವುದೆಂದರೆ ಮರಳು ಕಾಗದದಿಂದ ಉಜ್ಜಿದಂತೆ. ಅದೂ ಪ್ರಯೋಗಾಲಯದ ಕೆಲಸವೇ. ಮುಂದೆ ಎಂದಾದರೂ ನೀರು ಹೊಕ್ಕರೆ, ಕೆಸರು ಒಣಗಲು ಬಿಡದೆ ಶುದ್ಧ ತಣ್ಣೀರಿನಲ್ಲಿ ತೊಳೆದು ನೆರಳಿನಲ್ಲಿ ಗಾಳಿಗೆ ಇಡಿ. ಬಿಸಿಲು ಬೇಡ, ಹೇರ್ ಡ್ರೈಯರ್ ಬೇಡ.

ಓಡಿಸುವಾಗ ಟೇಪು ಕಿರುಗುಟ್ಟಿದರೆ, ಹೆಡ್ಡಿನ ಮೇಲೆ ಕಂದು ಅಂಟು ಉಳಿದರೆ ಕೂಡಲೇ ನಿಲ್ಲಿಸಿ. ಟೇಪಿನ ಲೇಪವನ್ನು ಹಿಡಿದಿಟ್ಟ ಅಂಟು ತೇವ ಕುಡಿದು ಸಡಿಲಾಗಿದೆ ಎಂದು ಅರ್ಥ. ಇದಕ್ಕೆ ನಿಯಂತ್ರಿತ ಶಾಖದಲ್ಲಿ ಒಣಗಿಸುವ ಚಿಕಿತ್ಸೆ ಇದೆ. ಅದನ್ನು ಓದಿ ಅಡುಗೆಮನೆಯ ಓವನ್‌ನಲ್ಲಿ ಪ್ರಯೋಗ ಮಾಡಿದವರ ಟೇಪು ಈಗ ಕ್ಯಾಸೆಟ್ಟಿನ ಆಕಾರದಲ್ಲೂ ಇಲ್ಲ.

ಕಡೆಯದಾಗಿ, ರೆಕಾರ್ಡ್ ಬೀಗ. ಡೆಕ್ಕಿಗೆ ಹಾಕುವ ಮೊದಲೇ ಬೀಟಾಕ್ಯಾಮ್‌ನಲ್ಲಿ ಕೆಂಪು ಗುಂಡಿಯನ್ನು ರೆಕಾರ್ಡ್ ಆಗದ ಸ್ಥಿತಿಗೆ ತನ್ನಿ. ಡಿವಿಯಲ್ಲಿ ಜಾರುಗುಂಡಿಯನ್ನು 'ಸೇವ್' ಕಡೆಗೆ ಸರಿಸಿ. ವಿಎಚ್‌ಎಸ್‌ನಲ್ಲಿ ಬೆನ್ನಿನ ಪ್ಲಾಸ್ಟಿಕ್ ಹಲ್ಲನ್ನು ಮುರಿಯಿರಿ.

3. ವಿವರಪಟ್ಟಿಯ ಐದು ಸಾಲುಗಳು

ಪಟ್ಟಿಯನ್ನು ಮೇಲಿನಿಂದ ಓದಬೇಡಿ, ಈ ಕ್ರಮದಲ್ಲಿ ಓದಿ.

ಮೊದಲ ಸಾಲು, ಟಿವಿ ಪದ್ಧತಿ. ನಮ್ಮದು ಪಾಲ್: 625 ಗೆರೆ, ಸೆಕೆಂಡಿಗೆ 25 ಚಿತ್ರ. ಅಮೆರಿಕ, ಜಪಾನ್‌ಗಳದು ಎನ್‌ಟಿಎಸ್‌ಸಿ: 525 ಗೆರೆ, ಸೆಕೆಂಡಿಗೆ 29.97 ಚಿತ್ರ. ಅಮೆರಿಕದಿಂದ ಗುಜರಿಗೆ ಬಂದ ಡೆಕ್‌ಗಳು ಅಗ್ಗವಾಗಿರುವುದಕ್ಕೆ ಕಾರಣವೇ ಇದು. ಸೋನಿ ಬೀಟಾಕ್ಯಾಮ್ ಮಾದರಿಗಳಲ್ಲಿ ಸಂಖ್ಯೆಯ ಕೊನೆಗೆ 'ಪಿ' ಅಕ್ಷರವಿದ್ದರೆ ಪಾಲ್. ಯುವಿಡಬ್ಲ್ಯೂ-1800ಪಿ ನಿಮ್ಮದು, ಬರೀ ಯುವಿಡಬ್ಲ್ಯೂ-1800 ನಿಮ್ಮದಲ್ಲ. ಜಾಹೀರಾತಿನ ಬರಹ ನಂಬಬೇಡಿ, ಯಂತ್ರದ ಬೆನ್ನಿನ ಫಲಕದ ಫೋಟೊ ತರಿಸಿಕೊಳ್ಳಿ. ಆ ಫಲಕದಲ್ಲಿಯೇ ವಿದ್ಯುತ್ ವೋಲ್ಟೇಜ್ ಕೂಡ ಇರುತ್ತದೆ. ಡಿವಿ ಡೆಕ್‌ಗಳಲ್ಲಿ ಕೆಲವು ಎರಡೂ ಪದ್ಧತಿ ಬಲ್ಲವು, ಡಿಎಸ್‌ಆರ್-11 ಅಂಥದ್ದು.

ಎರಡನೆಯದು, ಯಾವ ಟೇಪನ್ನು ಓಡಿಸುತ್ತದೆ ಎಂಬುದು. ರೆಕಾರ್ಡ್ ಮಾಡುವ ಪಟ್ಟಿ ಬೇರೆ, ಓಡಿಸುವ ಪಟ್ಟಿ ಬೇರೆ. ನಮಗೆ ಬೇಕಾದದ್ದು ಎರಡನೆಯದು. ಡಿಜಿಟಲ್ ಬೀಟಾಕ್ಯಾಮ್ ಡೆಕ್ ದೊಡ್ಡದು, ಆದ್ದರಿಂದ ಚಿಕ್ಕಣ್ಣನಾದ ಎಸ್‌ಪಿ ಟೇಪನ್ನೂ ಓಡಿಸುತ್ತದೆ ಎಂದು ಊಹಿಸಬೇಡಿ. ಡಿವಿಡಬ್ಲ್ಯೂ-ಎ500ರಲ್ಲಿ ಆ 'ಎ' ಅಕ್ಷರವೇ ಅನಲಾಗ್ ಎಸ್‌ಪಿಯನ್ನೂ ಓಡಿಸುವ ಗುರುತು, ಡಿವಿಡಬ್ಲ್ಯೂ-500 ಓಡಿಸುವುದಿಲ್ಲ. ಒಂದಕ್ಷರದ ವ್ಯತ್ಯಾಸಕ್ಕೆ ಇಡೀ ಹಣ ನೀರಿಗೆ ಹೋಗುತ್ತದೆ.

ಡಿವಿಯಲ್ಲೂ ಇಂಥದ್ದೇ ಒಂದು ಬಲೆ ಇದೆ. ಟೇಪು ಉಳಿಸಲೆಂದು ಮದುವೆ ಕ್ಯಾಮರಾದವರು 'ಎಲ್‌ಪಿ' ವೇಗದಲ್ಲಿ ಚಿತ್ರೀಕರಿಸುತ್ತಿದ್ದರು. 60 ನಿಮಿಷದ ಟೇಪಿನಲ್ಲಿ 90 ನಿಮಿಷ. ವೃತ್ತಿಪರ ಡಿವಿಕ್ಯಾಮ್ ಡೆಕ್‌ಗಳು ಸಾಮಾನ್ಯವಾಗಿ ಈ ಎಲ್‌ಪಿ ಮುದ್ರಣವನ್ನು ಓದುವುದಿಲ್ಲ. ಅದಕ್ಕೆ ಮನೆಬಳಕೆಯ ಹ್ಯಾಂಡಿಕ್ಯಾಮೇ ಸರಿ, ಸಾಧ್ಯವಾದರೆ ಚಿತ್ರೀಕರಿಸಿದ ಅದೇ ಕ್ಯಾಮರಾ.

ಇಲ್ಲಿ ಒಂದು ಹಳೆಯ ನಂಬಿಕೆಯನ್ನೂ ತೆಗೆದುಹಾಕುತ್ತೇನೆ. ಡಿವಿಕ್ಯಾಮ್‌ನ ಚಿತ್ರ ಡಿವಿಗಿಂತ ಚೆನ್ನ ಎಂದು ಸ್ಟುಡಿಯೊದವರು ಗಿರಾಕಿಗಳಿಂದ ಹೆಚ್ಚು ಹಣ ಪಡೆಯುತ್ತಿದ್ದರು. ಎರಡರಲ್ಲೂ ಚಿತ್ರದ ದತ್ತಾಂಶ ಸೆಕೆಂಡಿಗೆ ಅದೇ 25 ಮೆಗಾಬಿಟ್. ವ್ಯತ್ಯಾಸ ಇರುವುದು ಟೇಪಿನ ಮೇಲೆ ಮುದ್ರಣ ಕೂರುವ ಸಾಲಿನ ಅಗಲದಲ್ಲಿ: ಡಿವಿಯಲ್ಲಿ 10 ಮೈಕ್ರಾನ್, ಡಿವಿಕ್ಯಾಮ್‌ನಲ್ಲಿ 15. ಬಿತ್ತುವ ಸಾಲು ಅಗಲವಾದಷ್ಟೂ ಕೂರಿಗೆ ತಪ್ಪುವುದು ಕಡಿಮೆ. ಅಷ್ಟೇ ಲಾಭ. ಅದಕ್ಕೆ ತೆತ್ತ ಬೆಲೆ, 60 ನಿಮಿಷದ ಟೇಪಿನಲ್ಲಿ 40 ನಿಮಿಷವಷ್ಟೇ ಮುದ್ರಣ.

ಮೂರನೆಯದು, ಹಿಂಬದಿಯ ತೂತುಗಳು. ಪಟ್ಟಿಯಲ್ಲಿ ಇದನ್ನು ಔಟ್‌ಪುಟ್ ಎಂದು ಬರೆದಿರುತ್ತಾರೆ. ನನ್ನನ್ನು ಕೇಳಿದರೆ ಇಡೀ ಪಟ್ಟಿಯಲ್ಲಿ ಹಣ ಕೊಡಬೇಕಾದ ಸಾಲು ಇದು.

ಕಾಂಪೊಸಿಟ್ ಎಂದರೆ ಬೆಳಕು ಬಣ್ಣ ಎರಡನ್ನೂ ಒಂದೇ ತಂತಿಯಲ್ಲಿ ಕಲಸಿ ಕಳಿಸುವುದು. ಎಸ್-ವಿಡಿಯೊದಲ್ಲಿ ಅವೆರಡೂ ಬೇರೆ ಬೇರೆ. ಕಾಂಪೊನೆಂಟ್‌ನಲ್ಲಿ ಬೆಳಕಿಗೆ ಒಂದು, ಬಣ್ಣಗಳಿಗೆ ಎರಡು, ಒಟ್ಟು ಮೂರು ತಂತಿ. ಎಸ್‌ಡಿಐ ಎಂದರೆ ಡಿಜಿಟಲ್ ರೂಪದಲ್ಲೇ ಒಂದು ತಂತಿಯಲ್ಲಿ ಹೊರಬರುವುದು, ಸೆಕೆಂಡಿಗೆ 270 ಮೆಗಾಬಿಟ್. ಬೀಟಾಕ್ಯಾಮ್ ಟೇಪಿನಲ್ಲಿ ಬೆಳಕು ಬಣ್ಣಗಳು ಬೇರೆಯಾಗಿಯೇ ಕುಳಿತಿರುತ್ತವೆ. ಅವನ್ನು ಕಾಂಪೊಸಿಟ್ ತಂತಿಯಲ್ಲಿ ಹೊರತೆಗೆದರೆ ಬೇರ್ಪಡಿಸಿಟ್ಟ ಕಾಳನ್ನು ಮತ್ತೆ ಕಲಸಿದಂತೆ.

ಕಣ್ಣಾರೆ ನೋಡಬೇಕೆಂದರೆ, ಗುಳೇದಗುಡ್ಡದ ಖಣದ ಕುಪ್ಪಸ ತೊಟ್ಟವರು ಹತ್ತಿರದಿಂದ ಕಾಣುವ ಒಂದು ದೃಶ್ಯ ಹುಡುಕಿ. ಖಣದ ಸಣ್ಣ ಸಣ್ಣ ನೇಯ್ಗೆಯ ಮೇಲೆ ಕಾಂಪೊಸಿಟ್‌ನಲ್ಲಿ ಕಾಮನಬಿಲ್ಲಿನ ಬಣ್ಣಗಳು ತೆವಳಾಡುತ್ತವೆ. ಆ ಹೆಂಗಸು ಉಸಿರಾಡಿದರೂ ಸಾಕು, ಅವು ಸರಿಯುತ್ತವೆ. ಪಾಲ್‌ನಲ್ಲಿ ಬಣ್ಣವನ್ನು ಹೊತ್ತ ಅಲೆ 4.43 ಮೆಗಾಹರ್ಟ್ಸ್‌ನಲ್ಲಿದೆ. ನೇಯ್ಗೆಯ ಸೂಕ್ಷ್ಮ ಗೆರೆಗಳೂ ಅದೇ ಆವರ್ತನಕ್ಕೆ ಬಂದಾಗ ಗೆರೆಯನ್ನು ಯಂತ್ರ ಬಣ್ಣವೆಂದು ತಪ್ಪು ತಿಳಿಯುತ್ತದೆ. ಅದೇ ದೃಶ್ಯವನ್ನು ಕಾಂಪೊನೆಂಟ್‌ನಲ್ಲಿ ನೋಡಿ, ಖಣ ಖಣವಾಗಿಯೇ ಇರುತ್ತದೆ. ಹೀಗೆ ಒಮ್ಮೆ ಕಡತಕ್ಕೆ ಇಳಿದ ಕಾಮನಬಿಲ್ಲನ್ನು ಯಾವ ಸಾಫ್ಟ್‌ವೇರೂ ಪೂರ್ತಿ ತೆಗೆಯಲಾರದು.

ಆದ್ದರಿಂದ ಬೀಟಾಕ್ಯಾಮ್ ಎಸ್‌ಪಿಗೆ ಕಾಂಪೊನೆಂಟ್ ಅಥವಾ ಎಸ್‌ಡಿಐ, ವಿಎಚ್‌ಎಸ್‌ನ ಸುಧಾರಿತ ರೂಪವಾದ ಎಸ್-ವಿಎಚ್‌ಎಸ್‌ಗೆ ಎಸ್-ವಿಡಿಯೊ, ಡಿವಿ ಮತ್ತು ಡಿವಿಕ್ಯಾಮ್‌ಗೆ ಫೈರ್‌ವೈರ್. ಸೋನಿ ಇದನ್ನೇ ಐ-ಲಿಂಕ್ ಎಂದು ಕರೆಯುತ್ತದೆ. ಫೈರ್‌ವೈರ್‌ನಲ್ಲಿ ನಡೆಯುವುದು ಟೇಪಿನ ಮೇಲಿನ ಅಂಕಿಗಳನ್ನು ಹಾಗೆಯೇ ನಕಲು ಮಾಡುವ ಕೆಲಸ. ಅಲ್ಲಿ ಗುಣಮಟ್ಟ ಕಳೆಯುವ ಪ್ರಶ್ನೆಯೇ ಇಲ್ಲ.

ನಾಲ್ಕನೆಯದು, ಧ್ವನಿಯ ಸಾಲುಗಳು. ಬೀಟಾಕ್ಯಾಮ್ ಎಸ್‌ಪಿ ಟೇಪಿನಲ್ಲಿ ಅಂಚಿನುದ್ದಕ್ಕೆ ಎರಡು ಧ್ವನಿಸಾಲು, ಅವಲ್ಲದೆ ಚಿತ್ರದೊಳಗೇ ಬೆರೆತ ಇನ್ನೆರಡು ಎಎಫ್‌ಎಂ ಸಾಲು ಇರಬಹುದು. ಅಗ್ಗದ ಡೆಕ್‌ಗಳು ಎರಡನ್ನಷ್ಟೇ ಓದುತ್ತವೆ. ನಿಮ್ಮ ಟೇಪಿನ ಒಂದನೇ ಸಾಲಿನಲ್ಲಿ ನಿರೂಪಕರ ದನಿ, ಮೂರನೆಯದರಲ್ಲಿ ಹಿಮ್ಮೇಳ ಇದ್ದರೆ ಗತಿಯೇನು? ಮೊದಲೇ ಗೊತ್ತಾಗದಿದ್ದರೆ ನಾಲ್ಕು ಸಾಲಿನ ಡೆಕ್ಕನ್ನೇ ನೋಡಿ.

ಐದನೆಯದು, ಟಿಬಿಸಿ. ಟೈಮ್ ಬೇಸ್ ಕರೆಕ್ಟರ್ ಎಂಬುದರ ಹ್ರಸ್ವರೂಪ. ಟೇಪು ರಬ್ಬರ್ ಗಾಲಿಗಳ ನಡುವೆ ಸ್ವಲ್ಪ ಎಳೆದಾಡುತ್ತದೆ, ಹೀಗಾಗಿ ಪ್ರತಿ ಗೆರೆಯೂ ಒಂದಿಷ್ಟು ಹಿಂದೆಮುಂದೆ ಬರುತ್ತದೆ. ನೆಟ್ಟಗಿನ ಕಂಬ ನೀರಿನಲ್ಲಿ ಕಂಡಂತೆ ಬಳುಕುತ್ತದೆ. ಟಿಬಿಸಿ ಆ ಗೆರೆಗಳನ್ನು ಒಂದು ಕ್ಷಣ ನೆನಪಿನಲ್ಲಿಟ್ಟುಕೊಂಡು ತಾಳಕ್ಕೆ ಸರಿಯಾಗಿ ಬಿಡುತ್ತದೆ. ವಿಎಚ್‌ಎಸ್, ಎಸ್‌ಪಿ ಎರಡಕ್ಕೂ ಇದು ಇರಲೇಬೇಕು. ಪಟ್ಟಿಯಲ್ಲಿ "ಒಳಗೇ ಇದೆ" ಎಂದಿದೆಯೋ "ಬೇರೆ ಕೊಳ್ಳಬೇಕಾದ ಬೋರ್ಡ್" ಎಂದಿದೆಯೋ ಗಮನಿಸಿ. ಎರಡನೆಯದಾದರೆ ಆ ಬೋರ್ಡ್ ಸಿಗುವುದಿಲ್ಲ ಎಂದೇ ತಿಳಿಯಿರಿ.

ಈಗ ಉಳಿದ ಅಂಕಿಗಳು. ಮೆಗಾಹರ್ಟ್ಸ್‌ನಲ್ಲಿ ಕೊಡುವ ಬ್ಯಾಂಡ್‌ವಿಡ್ತ್ ಎಂದರೆ ಸೂಕ್ಷ್ಮತೆಯ ಅಳತೆ. ಪಾಲ್‌ನಲ್ಲಿ ಒಂದು ಮೆಗಾಹರ್ಟ್ಸ್‌ಗೆ ಸುಮಾರು 78 ಗೆರೆಗಳ ಸ್ಪಷ್ಟತೆ ಎಂದು ಲೆಕ್ಕ ಹಾಕಿ. ವಿಎಚ್‌ಎಸ್‌ನ 3 ಮೆಗಾಹರ್ಟ್ಸ್ ಆದ್ದರಿಂದಲೇ 240 ಗೆರೆಯ ಆಸುಪಾಸಿಗೆ ನಿಲ್ಲುತ್ತದೆ. ಒಳ್ಳೆಯ ಎಸ್‌ಪಿ ಡೆಕ್ಕಿನ ಬೆಳಕಿನ ಸಾಲು 5.5ರ ಸುತ್ತಮುತ್ತ ಇರುತ್ತದೆ. ಆದರೆ ಬಣ್ಣಕ್ಕೆ ಸಿಗುವುದು ಅದರ ಅರ್ಧವೂ ಅಲ್ಲ. ಇಳಕಲ್ ಸೀರೆಯ ಕೆಂಪು ಸೆರಗು ವಿಎಚ್‌ಎಸ್‌ನಲ್ಲಿ ಅಂಚು ದಾಟಿ ಪಕ್ಕದವರ ಬಿಳಿ ಅಂಗಿಯ ಮೇಲೆ ಹರಡುವುದು ಇದಕ್ಕೇ. ಅದು ಡೆಕ್ಕಿನ ದೋಷವಲ್ಲ, ಟೇಪಿನ ಹಣೆಬರಹ.

ಡೆಸಿಬೆಲ್‌ನಲ್ಲಿರುವ ಎಸ್/ಎನ್ ಎಂದರೆ ಚಿತ್ರಕ್ಕೂ ಕಾಳುಕಾಳಾದ ಗದ್ದಲಕ್ಕೂ ಇರುವ ಅಂತರ. 6 ಡೆಸಿಬೆಲ್ ಹೆಚ್ಚಾದರೆ ಗದ್ದಲ ಅರ್ಧಕ್ಕೆ ಇಳಿಯುತ್ತದೆ. ಆದ್ದರಿಂದ ಎರಡು ಡೆಕ್‌ಗಳ ನಡುವೆ 1 ಡೆಸಿಬೆಲ್ ವ್ಯತ್ಯಾಸಕ್ಕೆ ಹೆಚ್ಚು ಹಣ ಕೊಡಬೇಡಿ. ಸವೆದ ಹೆಡ್ಡು ಅದಕ್ಕಿಂತ ಹೆಚ್ಚನ್ನು ತಿಂದುಹಾಕಿರುತ್ತದೆ. ಬೆಳಕಿಗೂ ಬಣ್ಣಕ್ಕೂ ಇರುವ ವಿಳಂಬವನ್ನು "20 ನ್ಯಾನೊಸೆಕೆಂಡಿಗಿಂತ ಕಡಿಮೆ" ಎಂದು ಬರೆದಿದ್ದರೆ ಹೆದರಬೇಡಿ. ಡಿಜಿಟಲ್ ಚಿತ್ರದ ಒಂದು ಚುಕ್ಕೆಯೇ 74 ನ್ಯಾನೊಸೆಕೆಂಡ್. ಕೆ-ಫ್ಯಾಕ್ಟರನ್ನು ಎಂಜಿನಿಯರುಗಳಿಗೆ ಬಿಡಿ. 'ವಾವ್ ಮತ್ತು ಫ್ಲಟರ್' ಎಂಬ ಸಾಲು ಟೇಪಿನ ವೇಗದ ಏರುಪೇರನ್ನು ಹೇಳುತ್ತದೆ. ಕಾಗದದ ಮೇಲೆ ನೋಡುವುದಕ್ಕಿಂತ, ಪೇಟಿಯವರು ಒಂದೇ ಸುರ ಹಿಡಿದು ನಿಂತ ಜಾಗದಲ್ಲಿ ಕಿವಿಗೊಟ್ಟು ಕೇಳಿ. ಸುರ ನಡುಗಿದರೆ ಗಾಲಿ ಹೋಗಿದೆ.

ಇನ್ನೊಂದು ಮಾತು. ಡಿವಿ ಟೇಪನ್ನು ಫೈರ್‌ವೈರ್‌ನಲ್ಲಿ ತೆಗೆಯುವವರಿಗೆ ಈ ಅನಲಾಗ್ ಅಂಕಿಗಳೊಂದೂ ಲೆಕ್ಕಕ್ಕಿಲ್ಲ.

4. ಹಣ ಕೊಡುವ ಮೊದಲು

ಸಾಧ್ಯವಿದ್ದರೆ ಖುದ್ದಾಗಿ ಹೋಗಿ. ಕಳೆದರೂ ಚಿಂತೆಯಿಲ್ಲದ ನಿಮ್ಮದೇ ಒಂದು ಟೇಪನ್ನು ಜೊತೆಗೆ ಒಯ್ಯಿರಿ. ಮಾರುವವನ ಟೇಪು ಅವನ ಯಂತ್ರದಲ್ಲೇ ಮುದ್ರಣವಾಗಿರುವುದರಿಂದ ಯಾವಾಗಲೂ ಚೆನ್ನಾಗಿಯೇ ಓಡುತ್ತದೆ.

ಗಂಟೆ ಮೀಟರ್ ನೋಡಿ. ಸೋನಿಯ ಅನೇಕ ವೃತ್ತಿಪರ ಡೆಕ್‌ಗಳ ಮೆನುವಿನಲ್ಲಿ ಎಚ್‌02 ಎಂಬ ಸಾಲು ಹೆಡ್ ಕೂತಿರುವ ಡ್ರಮ್ ತಿರುಗಿದ ಗಂಟೆಗಳನ್ನು ತೋರಿಸುತ್ತದೆ. ಎಚ್‌01 ಬರೀ ವಿದ್ಯುತ್ ಹರಿದ ಗಂಟೆ, ಅದು ಮುಖ್ಯವಲ್ಲ. ನನ್ನ ಅಳತೆಗೋಲು ಹೀಗೆ: ಡ್ರಮ್ 1000 ಗಂಟೆಯ ಒಳಗಿದ್ದರೆ ಸಂತೋಷ, 3000 ದಾಟಿದ್ದರೆ ಹೆಡ್ ಬದಲಿಸಿದ ದಾಖಲೆ ಕೇಳುತ್ತೇನೆ, ಇಲ್ಲದಿದ್ದರೆ ಎದ್ದು ಬರುತ್ತೇನೆ.

ಮೇಲ್ಮುಚ್ಚಳದ ಬಳಿ ಮೂಸಿ ನೋಡಿ. ಬಿಸಿಯಾದ ಯಂತ್ರದಿಂದ ಹಸಿ ಮೀನಿನಂಥ ವಾಸನೆ ಬಂದರೆ ಬೋರ್ಡಿನ ಕೆಪಾಸಿಟರ್‌ಗಳು ಸೋರಿವೆ. ಅದರ ರಿಪೇರಿ ಡೆಕ್ಕಿಗಿಂತ ದುಬಾರಿ. ಮುಂದಕ್ಕೆ, ಹಿಂದಕ್ಕೆ ಪೂರ್ತಿ ಓಡಿಸಿ, ಹತ್ತು ಸಲ ಕ್ಯಾಸೆಟ್ ಹಾಕಿ ತೆಗೆಯಿರಿ. ಒಂದು ಸಲ ತಡವರಿಸಿದರೂ ಮುಂದೊಂದು ದಿನ ನಿಮ್ಮ ಟೇಪನ್ನು ನುಂಗುತ್ತದೆ.

ಬೀಟಾಕ್ಯಾಮ್ ಡೆಕ್ 20 ಕಿಲೋ ಆಸುಪಾಸು ತೂಗುತ್ತದೆ. ಬಸ್ಸಿನ ಡಿಕ್ಕಿಯಲ್ಲಿ ಗೋಣಿಚೀಲದ ನಡುವೆ ತರಿಸಿಕೊಂಡ ಒಂದು ಡೆಕ್ ನನ್ನ ಮೇಜಿಗೆ ಬಂದಾಗ ಡ್ರಮ್ಮೇ ವಾಲಿತ್ತು. ಕಾರಿನಲ್ಲಿ, ಹಿಂದಿನ ಸೀಟಿನ ಮೇಲೆ, ಮಲಗಿಸಿ ತನ್ನಿ. ಒಳಗೆ ಕ್ಯಾಸೆಟ್ ಇರಬಾರದು.

5. ಜೋಡಣೆ

ಬಿಎನ್‌ಸಿ ತುದಿಯ 75 ಓಮ್ ತಂತಿಯನ್ನೇ ಬಳಸಿ. ನೋಡಲು ಒಂದೇ ತೆರನಾದ 50 ಓಮ್ ತಂತಿ ರೇಡಿಯೊ ಕೆಲಸದ್ದು. ಅದರಿಂದ ಚಿತ್ರಕ್ಕೆ ನೆರಳು ಬರುತ್ತದೆ. ಕಾಂಪೊನೆಂಟ್‌ನ ಮೂರೂ ತಂತಿ ಒಂದೇ ಉದ್ದ ಇರಲಿ.

ಡೆಕ್, ಕಂಪ್ಯೂಟರ್, ಮಾನಿಟರ್ ಮೂರನ್ನೂ ಒಂದೇ ಬೋರ್ಡಿಗೆ ಸಿಗಿಸಿ, ಅರ್ತಿಂಗ್ ಸರಿ ಇರಲಿ. ಬೇರೆ ಬೇರೆ ಸಾಕೆಟ್ಟಿಗೆ ಸಿಗಿಸಿದರೆ ಚಿತ್ರದಲ್ಲಿ ಒಂದು ಮಸುಕು ಪಟ್ಟಿ ನಿಧಾನವಾಗಿ ಮೇಲೇರುತ್ತದೆ, ಸ್ಪೀಕರಿನಲ್ಲಿ ಗುಂಯ್ ಎನ್ನುತ್ತದೆ. ಯುಪಿಎಸ್ ಕಡ್ಡಾಯ. ಟೇಪು ಡ್ರಮ್ಮಿಗೆ ಸುತ್ತಿಕೊಂಡಿರುವಾಗ ಕರೆಂಟ್ ಹೋದರೆ ಮಡಿಕೆ ಬೀಳುತ್ತದೆ.

ವೃತ್ತಿಪರ ಡೆಕ್ಕಿನ ಧ್ವನಿ ಎಕ್ಸ್‌ಎಲ್‌ಆರ್ ತುದಿಯಿಂದ ಸಾಮಾನ್ಯವಾಗಿ +4 ಡಿಬಿಯು ಮಟ್ಟದಲ್ಲಿ ಹೊರಬರುತ್ತದೆ. ಅದನ್ನು ನೇರವಾಗಿ ಕಂಪ್ಯೂಟರಿನ ಮೈಕ್ ತೂತಿಗೆ ಕೊಟ್ಟರೆ ಬರೀ ಕರಕರ ಸದ್ದು.

ಬೆಳಗಾವಿ, ಖಾನಾಪುರದ ಕಡೆಯ ಮಳೆಗಾಲದಲ್ಲಿ ಡೆಕ್ಕಿನ ಮುಖದಲ್ಲಿ 'ಹ್ಯೂಮಿಡ್' ದೀಪ ಹೊತ್ತಿ ಯಂತ್ರ ಮುಷ್ಕರ ಹೂಡುತ್ತದೆ. ಡ್ರಮ್ಮಿನ ಮೇಲೆ ತೇವ ಕೂತಿದೆ. ಒತ್ತಾಯಿಸಿದರೆ ಟೇಪು ಅಂಟಿಕೊಳ್ಳುತ್ತದೆ. ಆನ್ ಮಾಡಿ ಬಿಟ್ಟು, ದೀಪ ಆರುವ ತನಕ ಚಹಾ ಕುಡಿದು ಬನ್ನಿ. ವಿಜಯಪುರದವರ ಶತ್ರು ಧೂಳು. ಮುಚ್ಚಲು ಒಂದು ಹತ್ತಿ ಬಟ್ಟೆ ಸಾಕು.

ಹೆಡ್ ಒರೆಸುವವರು ಗಮನಿಸಿ: 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್, ನಾರು ಬಿಡದ ಚರ್ಮದ ತುಂಡು, ಡ್ರಮ್ ತಿರುಗುವ ದಿಕ್ಕಿಗೇ ಒರೆಸಬೇಕು. ಮೇಲೆಕೆಳಗೆ ಒರೆಸಿದರೆ ಹೆಡ್ಡಿನ ತುದಿ ಮುರಿಯುತ್ತದೆ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಡ್ರಮ್ಮಿಗೆ ತಾಗಿಸಲೇಬಾರದು.

6. ಕಂಪ್ಯೂಟರಿಗೆ ಇಳಿಸುವುದು

ಅನಲಾಗ್ ಟೇಪಿಗೆ ಕ್ಯಾಪ್ಚರ್ ಕಾರ್ಡ್ ಬೇಕು. ಬ್ಲ್ಯಾಕ್‌ಮ್ಯಾಜಿಕ್, ಎಜೆಎ ಕಂಪನಿಗಳ ಕಾರ್ಡುಗಳಲ್ಲಿ ಕಾಂಪೊನೆಂಟ್ ಅಥವಾ ಎಸ್‌ಡಿಐ ಒಳಹಾದಿ ಇರುವುದನ್ನು ಆರಿಸಿ. ಬೆರಳಷ್ಟು ಗಾತ್ರದ ಅಗ್ಗದ ಯುಎಸ್‌ಬಿ ಕಡ್ಡಿಗಳನ್ನು ಈ ಕೆಲಸಕ್ಕೆ ಕೊಳ್ಳಬೇಡಿ.

ಅಳತೆ: 720×576, ಸೆಕೆಂಡಿಗೆ 25, ಇಂಟರ್‌ಲೇಸ್ಡ್. ಇಂಟರ್‌ಲೇಸ್ಡ್ ಎಂದರೆ ಬೆಸ ಗೆರೆಗಳ ಅರ್ಧಚಿತ್ರ ಒಂದು, ಸಮ ಗೆರೆಗಳ ಅರ್ಧಚಿತ್ರ ಇನ್ನೊಂದು. ಯಾವ ಅರ್ಧ ಮೊದಲು ಎಂಬುದು ಮುಖ್ಯ. ಕಾರ್ಡಿನ ಮೂಲಕ ಬಂದ ಬೀಟಾಕ್ಯಾಮ್‌ನಲ್ಲಿ ಮೇಲಿನದು ಮೊದಲು, ಡಿವಿಯಲ್ಲಿ ಕೆಳಗಿನದು ಮೊದಲು. ತಪ್ಪಿದರೆ ಬನಶಂಕರಿಯ ತೇರು ಒಂದು ಹೆಜ್ಜೆ ಮುಂದೆ ಹೋಗಿ ಅರ್ಧ ಹೆಜ್ಜೆ ಹಿಂದೆ ಬಂದಂತೆ ಜಗ್ಗಾಡುತ್ತದೆ. ಮೂಲ ಕಡತದಲ್ಲಿ ಇಂಟರ್‌ಲೇಸನ್ನು ತೆಗೆಯಬೇಡಿ. ಅದನ್ನು ಹಂಚುವ ಪ್ರತಿಯಲ್ಲಿ ಮಾಡಿದರಾಯಿತು.

ಕಾರ್ಡಿನ ಆಯ್ಕೆಗಳಲ್ಲಿ ಕಾಂಪೊನೆಂಟ್ ಮಟ್ಟಕ್ಕೆ 'ಬೀಟಾಕ್ಯಾಮ್' ಮತ್ತು 'ಎಸ್‌ಎಂಪಿಟಿಇ' ಎಂದು ಎರಡು ಇರುತ್ತವೆ. ಬೀಟಾಕ್ಯಾಮ್ ಡೆಕ್ ಅಲ್ಲವೇ ಎಂದು ಮೊದಲನೆಯದನ್ನು ಒತ್ತುವವರೇ ಎಲ್ಲ. ಅದು ಎನ್‌ಟಿಎಸ್‌ಸಿಯವರಿಗೆ. ಪಾಲ್‌ಗೆ ಎಸ್‌ಎಂಪಿಟಿಇ, ಕಪ್ಪಿನ ಮಟ್ಟ 0. 7.5 ಎಂಬುದನ್ನು ಮುಟ್ಟಬೇಡಿ.

ಇಳಿಸುವ ಮೊದಲು ಟೇಪಿನಲ್ಲೇ ಅತಿ ಬಿಳಿಯಾದ ಜಾಗ ಹುಡುಕಿ. ನಮ್ಮಲ್ಲಿ ಅದು ಬಿಸಿಲಲ್ಲಿ ನಿಂತವರ ಧೋತರ, ಇಲ್ಲವೇ ಗಾಂಧಿ ಟೋಪಿ. 8 ಬಿಟ್ ಲೆಕ್ಕದಲ್ಲಿ ಕಪ್ಪು 16, ಬಿಳಿ 235. ಧೋತರದ ನೆರಿಗೆಗಳು ಮಾಯವಾಗಿ ಬರೀ ಸುಣ್ಣದ ಗೋಡೆಯಂತೆ ಕಂಡರೆ, ಟಿಬಿಸಿಯಲ್ಲಿರುವ ವಿಡಿಯೊ ಮಟ್ಟವನ್ನು ನೆರಿಗೆ ಕಾಣುವ ತನಕ ಇಳಿಸಿ.

ಕಡತದ ರೂಪ: ಡಿವಿ ಆದರೆ ಡಿವಿಯಾಗಿಯೇ ಉಳಿಸಿ, ಗಂಟೆಗೆ ಸುಮಾರು 13 ಜಿಬಿ. ಅನಲಾಗ್ ಟೇಪನ್ನು 10 ಬಿಟ್ 4:2:2ರಲ್ಲಿ (ಬಣ್ಣಕ್ಕೆ ಬೆಳಕಿನ ಅರ್ಧದಷ್ಟು ಚುಕ್ಕೆ) ಸಂಕೋಚನವಿಲ್ಲದೆ ಹಿಡಿದರೆ ಗಂಟೆಗೆ ಸುಮಾರು 100 ಜಿಬಿ. ಅದನ್ನು ಎಫ್‌ಎಫ್‌ವಿ1 ಎಂಬ ಉಚಿತ ಪದ್ಧತಿಗೆ ಬದಲಿಸಿದರೆ ಒಂದು ಚುಕ್ಕೆಯೂ ಕಳೆಯದೆ ಗಾತ್ರ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ. ಜಗತ್ತಿನ ಅನೇಕ ಸಂಗ್ರಹಾಲಯಗಳು ಬಳಸುವುದು ಇದನ್ನೇ. ವಾಟ್ಸ್‌ಆ್ಯಪ್‌ಗೆ ಬೇಕಾದ ಎಂಪಿ4 ಪ್ರತಿಯನ್ನು ಇದರಿಂದ ಆಮೇಲೆ ಮಾಡಿಕೊಳ್ಳಿ. ನೇರವಾಗಿ ಎಂಪಿ4ಗೆ ಇಳಿಸಿ ಟೇಪು ಎಸೆದವರು ಎರಡು ವರ್ಷ ಕಳೆದು ನನಗೆ ಫೋನ್ ಮಾಡುತ್ತಾರೆ.

ಹಳೆಯ ಚಿತ್ರ 4:3. ಹೊಸ ಟಿವಿಗೆ ತುಂಬಲೆಂದು 16:9ಕ್ಕೆ ಎಳೆದರೆ ಗೋಳಗುಮ್ಮಟ ಚಪಾತಿಯಾಗುತ್ತದೆ. ಎರಡು ಬದಿಗೆ ಕಪ್ಪು ಪಟ್ಟಿ ಇರಲಿ ಬಿಡಿ.

ಸಮಯದ ಅಂದಾಜು: ಒಂದು ಗಂಟೆಯ ಟೇಪಿಗೆ ಒಂದು ಗಂಟೆ, ಅದರ ಮೇಲೆ ಸಿದ್ಧತೆಗೆ ಅರ್ಧ ಗಂಟೆ. ಇದನ್ನು ಬೇಗ ಮುಗಿಸುವ ಗುಂಡಿ ಇಲ್ಲ. ಓಡುವಾಗ ಎದ್ದು ಹೋಗಬೇಡಿ. ಫ್ರೇಮ್ ತಪ್ಪಿದ ಎಚ್ಚರಿಕೆ ಬಂದರೆ ಆ ಟೇಪನ್ನು ಮೊದಲಿನಿಂದ ಹಿಡಿಯಿರಿ.

7. ಇಳಿಸಿದ ಮೇಲೆ

ಕಡತದ ಹೆಸರು ನೋಟ್‌ಬುಕ್ಕಿನ ಸಂಖ್ಯೆಯಿಂದಲೇ ಶುರುವಾಗಲಿ. 'ಫೈನಲ್', 'ಹೊಸ ಫೈನಲ್' ಎಂದೆಲ್ಲ ಇಡಬೇಡಿ. ಎರಡು ಬೇರೆ ಹಾರ್ಡ್ ಡಿಸ್ಕ್, ಅದರಲ್ಲಿ ಒಂದು ಬೇರೆ ಊರಿನ ನೆಂಟರ ಮನೆಯಲ್ಲಿ. ನದಿ ದಂಡೆಯ ಊರಿನವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಪ್ರತಿ ಕಡತಕ್ಕೂ ಎಂಡಿ5 ಸಂಖ್ಯೆ ತೆಗೆದಿಡಿ. ಅದು ಕಡತದ ಹೆಬ್ಬೆಟ್ಟಿನ ಗುರುತು. ಮುಂದಿನ ವರ್ಷ ಮತ್ತೆ ತೆಗೆದಾಗ ಅದೇ ಸಂಖ್ಯೆ ಬಂದರೆ ಒಳಗೆ ಒಂದಕ್ಷರವೂ ಬದಲಾಗಿಲ್ಲ.

ಟೇಪುಗಳನ್ನು ಎಸೆಯಬೇಡಿ. ಪೂರ್ತಿ ಹಿಂದಕ್ಕೆ ಸುತ್ತಿ, ಪುಸ್ತಕದಂತೆ ನಿಲ್ಲಿಸಿ, ಸ್ಪೀಕರ್ ಮತ್ತು ಮೋಟಾರುಗಳಿಂದ ದೂರ, ನೆಲದಿಂದ ಎತ್ತರದಲ್ಲಿ ಇಡಿ. ಡೆಕ್ಕನ್ನು ತಿಂಗಳಿಗೊಮ್ಮೆ ಆನ್ ಮಾಡಿ ಹತ್ತು ನಿಮಿಷ ಒಂದು ರದ್ದಿ ಟೇಪು ಓಡಿಸಿ, ರಬ್ಬರ್ ಗಾಲಿ ಗಟ್ಟಿಯಾಗುವುದು ತಡವಾಗುತ್ತದೆ. ಕೆಲಸ ಮುಗಿದಿದ್ದರೆ ಮಾರಿಬಿಡಿ. ನಿಮ್ಮ ಜಿಲ್ಲೆಯಲ್ಲೇ ಇನ್ನೊಬ್ಬರು ಇದೇ ಡೆಕ್ ಹುಡುಕುತ್ತಿರುತ್ತಾರೆ. ಕೊಡುವಾಗ ಎಚ್‌02 ಎಷ್ಟಿದೆ ಎಂದು ಒಂದು ಚೀಟಿಯಲ್ಲಿ ಬರೆದು ಮುಚ್ಚಳಕ್ಕೆ ಅಂಟಿಸಿ.